ಅಟ್ಟದ ಮೇಲಿನ ಕೋವಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳಿಗೆ ಕೋತಿ, ಹಂದಿಗಳ ಕಾಟವು ಹೊಸತಲ್ಲ. ಬೆಳೆಗಾವಲಿಗೆಂದು ಹಿರಿಯರು ಪರವಾನೆ ಪಡೆದ ಕೋವಿಯು ಅಟ್ಟದ ಮೇಲಿದ್ದರೆ, ಅದರ ನಳಿಗೆಯನ್ನು ಕೊಯ್ಯಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದಲ್ಲ ಎಂಬ ಯೋಚನೆ ಕಿರಿಯರಿಗೆ ಬರುವುದುಂಟು. ಕುಲುಮೆಯವನಿಗೆ ಅದು ಗಳಿಗೆಯ ಕೆಲಸ. ಕಾಯಿದೆಯ ಕಣ್ಣಿಗೆ ಹಾಗಲ್ಲ.

1959ರ ಆಯುಧ ಕಾಯಿದೆಯ 6ನೆಯ ಪ್ರಕರಣದಂತೆ ನಳಿಗೆಯನ್ನು ಮೋಟುಮಾಡುವುದಕ್ಕೇ ಬೇರೆ ಪರವಾನೆ ಬೇಕು; ಕೋವಿಯನ್ನಿಟ್ಟುಕೊಳ್ಳುವ ಪರವಾನೆಯು ಅದಕ್ಕೆ ಸಾಲದು. ರೈಫಲನ್ನು ಪಿಸ್ತೂಲಾಗಿ, ಹೀಗೆ ಒಂದು ವರ್ಗದ ಆಯುಧವನ್ನು ಇನ್ನೊಂದಾಗಿ ಮಾರ್ಪಡಿಸುವುದನ್ನೂ 2019ರ ತಿದ್ದುಪಡಿಯು ಇದರೊಳಗೆ ಸೇರಿಸಿತು. ಶಿಕ್ಷೆಯು 7 ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸ, ಜೀವಾವಧಿಯವರೆಗೂ ಹೋಗಬಹುದು.

ಇಷ್ಟಕ್ಕೂ ಪ್ರಯೋಜನವೇನು? ಉದ್ದ ನಳಿಗೆಗೆಂದು ಅಳೆದ ಮದ್ದು ಮೋಟು ನಳಿಗೆಯೊಳಗೆ ಪೂರ್ತಿ ಉರಿಯದೆ ಬಾಯಿಂದ ಜ್ವಾಲೆಯಾಗಿ ಹೊರಬೀಳುವುದು, ಗುರಿ ಕೆಡುವುದು, ಭುಜವು ತಾಳಬೇಕಾದ ಒದೆತವೆಲ್ಲ ಮಣಿಕಟ್ಟಿಗೆ ಬೀಳುವುದು. ಕೋತಿಗಿಂತ ತೋಟದವನಿಗೇ ಅಪಾಯ ಹೆಚ್ಚು!

ಪರವಾನೆದಾರರು ತೀರಿಕೊಂಡಿದ್ದರಂತೂ ಮನೆಯವರು ಕೋವಿಯನ್ನು ಅಟ್ಟದಿಂದಿಳಿಸಿ, ತಡಮಾಡದೆ ಹತ್ತಿರದ ಪೋಲೀಸ್ ಠಾಣೆಯಲ್ಲಾಗಲಿ, ಪರವಾನೆಯುಳ್ಳ ವರ್ತಕರಲ್ಲಾಗಲಿ ಒಪ್ಪಿಸಿ ರಸೀದಿ ಪಡೆಯತಕ್ಕದ್ದು. ಬೇಕೆನಿಸಿದರೆ ವಾರಸುದಾರರು ತಮ್ಮ ಹೆಸರಿಗೆ ಪರವಾನೆ ಕೋರಿ ಬಳಿಕ ಅರ್ಜಿ ಹಾಕಿಕೊಳ್ಳಬಹುದು.