ಖಾಲಿದಿಯಾದ ಮನೆಯೊಳಗೆ ಮಲ್ಲಿಗೆಯ ಬೆಳಕಿನ ಲೆಕ್ಕ

ಮರುಭೂಮಿಯಲ್ಲಿ ಬೆಳಕಿಗೂ ಬರವೇ ಎಂದು ಸಮ್ಮೇಳನಕ್ಕೆ ಆಗಮಿಸಿರುವ ಮಿತ್ರರು ಮುಗುಳ್ನಗಬಹುದು. ಅಬುಧಾಬಿಯ ಖಾಲಿದಿಯಾದಲ್ಲಿ, ಬಹುಮಹಡಿ ಕಟ್ಟಡಗಳ ನಡುವಿನ ನಮ್ಮ ಮನೆಯಲ್ಲಿ ಆ ಬರವನ್ನು ಎರಡು ವರ್ಷ ಕಂಡಿದ್ದೇನೆ. ಮೀನಾ ಬಂದರಿನ ಸಸ್ಯ ಮಾರುಕಟ್ಟೆಯಿಂದ ತಂದ ಮಲ್ಲಿಗೆ ಗಿಡ ಹಜಾರದ ಮೂಲೆಯಲ್ಲಿ ಸೊರಗಿ ಉದ್ದುದ್ದ ಬೆಳೆಯಿತೇ ಹೊರತು ಒಂದು ಮೊಗ್ಗನ್ನೂ ಬಿಡಲಿಲ್ಲ. ಶಂಕರಪುರದಲ್ಲಿ ನಸುಕಿನಲ್ಲೇ ಮಲ್ಲಿಗೆ ಬಿಡಿಸಿ ಕಟ್ಟುತ್ತಿದ್ದ ನಮ್ಮ ಅತ್ತೆಯವರು ಬಂದವರೇ, "ಗಿಡಕ್ಕೆ ಬೆಳಕಿಲ್ಲ" ಎಂದರು. ಇಷ್ಟು ದೀಪಗಳಿವೆಯಲ್ಲ ಎಂದು ನಾನು ವಾದಿಸಿದೆ.

ಕೊನೆಗೆ ಲಕ್ಸ್ ಮಾಪಕವನ್ನು ಕೊಂಡುತಂದೆ. ಮೂಲೆಯಲ್ಲಿ 250 ಲಕ್ಸ್; ಬಣ್ಣದ ಗಾಜಿನ ಈಚೆ ಕಿಟಕಿಯಂಚಿನಲ್ಲಿ ಹಗಲಿನ ಸರಾಸರಿ 5,400; ಹೊರಗೆ ನಡುಹಗಲಿನಲ್ಲಿ ಸುಮಾರು ಒಂದು ಲಕ್ಷ! ಮಂದ ಬೆಳಕಿಗೆ ಹೊಂದಿಕೊಳ್ಳುವ ನಮ್ಮ ಕಣ್ಣನ್ನು ಈ ವಿಷಯದಲ್ಲಿ ನಂಬಲಾಗದು.

ಆದರೆ ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆಂದು ಮಾಡಿದ ಅಳತೆ. ಅದು ಹಸಿರಿಗೆ ಹೆಚ್ಚು ತೂಕ ಕೊಡುತ್ತದೆ. ಗಿಡಕ್ಕೆ ಬೇಕಾದುದು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಕಣಗಳ ಎಣಿಕೆ. ಬಿಸಿಲಿನ ಲಕ್ಸನ್ನು 54ರಿಂದ ಭಾಗಿಸಿದರೆ ಚದರ ಮೀಟರಿಗೆ ಸೆಕೆಂಡಿಗೆ ಇಷ್ಟು ಮೈಕ್ರೋಮೋಲ್ ಎಂದು ಸ್ಥೂಲವಾಗಿ ತಿಳಿಯುತ್ತದೆ. ಬಿಳಿಯ ಎಲ್‌ಇಡಿ ದೀಪಕ್ಕೆ ಭಾಜಕ ಸುಮಾರು 70. ದೀಪದಿಂದ ದೀಪಕ್ಕೆ ವ್ಯತ್ಯಾಸವುಂಟು. ಅಮೆರಿಕದ ಪುಸ್ತಕಗಳಲ್ಲಿ ಕಾಣುವ ಒಂದು ಫುಟ್‌ಕ್ಯಾಂಡಲ್ ಎಂದರೆ 10.76 ಲಕ್ಸ್.

ನಮ್ಮ ಕಿಟಕಿಯಂಚಿಗೆ ಹೀಗೆ 100 ಮೈಕ್ರೋಮೋಲ್ ದೊರೆಯಿತು. ಹತ್ತು ಗಂಟೆಗೆ, ಅಂದರೆ 36,000 ಸೆಕೆಂಡಿಗೆ, 3.6 ಮೋಲ್. ಬೇಸಿಗೆಯಲ್ಲಿ ಹೊರಗಿನ ಬಯಲಿಗೆ ದಿನಕ್ಕೆ 40 ಮೋಲ್‌ಗೂ ಮಿಗಿಲಾದ ಬೆಳಕು ಬೀಳುತ್ತದೆ. ಹಜಾರದ ಮೂಲೆಯಲ್ಲಿ ಹಗಲಿರುಳು ದೀಪ ಉರಿಸಿದ್ದರೂ ಒಂದು ಮೋಲ್ ಆಗುತ್ತಿರಲಿಲ್ಲ.

ಇನ್ನೊಂದು ಸೋಜಿಗ: ಅಬುಧಾಬಿ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ತುಸು ಉತ್ತರದಲ್ಲಿದೆ. ಜೂನ್ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುವುದರಿಂದ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬಾರದು. ಡಿಸೆಂಬರಿನಲ್ಲಿ ಅದೇ ಸೂರ್ಯ ಸುಮಾರು 42 ಡಿಗ್ರಿಗಿಳಿದು ಕೋಣೆಯೊಳಗೆ ಕಾಲಿಡುತ್ತಾನೆ. ಹೊರಗೆ ಬೆಂಕಿಯಂಥ ಬಿಸಿಲಿರುವಾಗಲೇ ಒಳಗೆ ಗಿಡಕ್ಕೆ ಅಭಾವ!

ಕಿಟಕಿಯ ಬಳಿಯ ತುಳಸಿಗೆ ಒಂದು ಎಲ್‌ಇಡಿ ದೀಪ ಕಟ್ಟಿದೆ. ಎಲೆಯ ಮಟ್ಟದಲ್ಲಿ 7,000 ಲಕ್ಸ್, ಹದಿನಾಲ್ಕು ಗಂಟೆ. ಸುಮಾರು 5 ಮೋಲ್ ಹೆಚ್ಚಿತು, ತುಳಸಿ ಚೇತರಿಸಿಕೊಂಡಿತು. ಮಲ್ಲಿಗೆಗೆ ಅಷ್ಟು ಸಾಲದೆಂದು ಅದನ್ನು ಬಾಲ್ಕನಿಗೆ ಸಾಗಿಸಿದೆ. ಒಮ್ಮೆಗೇ ಬಿಸಿಲಿಗಿಟ್ಟರೆ ಎಲೆ ಸುಡುವುದೆಂದು ಎರಡು ವಾರ ನೆರಳುಬಟ್ಟೆ ಹೊದಿಸಿದ್ದೆ. ಮಾರ್ಚಿಯಲ್ಲಿ ಹನ್ನೊಂದು ಮೊಗ್ಗುಗಳು ಮೂಡಿದವು. ಅತ್ತೆಯವರಿಗೆ ದೂರವಾಣಿಯಲ್ಲಿ ತಿಳಿಸಿದೆ. "ನಿಮ್ಮ ಮೀಟರು ಏನೆಂದಿತು?" ಎಂದು ವಿಚಾರಿಸಿದರು.