ಉದ್ದಿಮೆ ಖಾಸಗಿಯಾದಾಗ ಕಾರ್ಮಿಕ ಸಂಘ ಏನಾಗುತ್ತದೆ?

ಸರಕಾರಿ ಉದ್ದಿಮೆಯೊಂದನ್ನು ಖಾಸಗಿಯವರಿಗೆ ವಹಿಸಿದಾಗ ಬೊಕ್ಕಸಕ್ಕೆ ಎಷ್ಟು ಕೋಟಿ ಬಂತು ಎಂಬ ಚರ್ಚೆಯೇ ಹೆಚ್ಚು. ಅಲ್ಲಿನ ಕಾರ್ಮಿಕ ಸಂಘದ ಗತಿಯೇನು ಎಂದು ಕೇಳುವವರು ಕಡಿಮೆ. ಕ್ರೈಸ್ತರಾದ ನಾವು ಇದನ್ನು ತಿಳಿದಿರುವುದು ಒಳಿತು.

ಛತ್ತೀಸಗಢದ ಕೊರ್ಬಾದಲ್ಲಿರುವ ಬಾಲ್ಕೋ ಅಲ್ಯೂಮಿನಿಯಂ ಕಾರ್ಖಾನೆಯ ಉದಾಹರಣೆ ನೋಡೋಣ. 2001ರಲ್ಲಿ ಕೇಂದ್ರ ಸರಕಾರವು ಈ ಕಂಪೆನಿಯ ಶೇ. 51 ಷೇರುಗಳನ್ನು 551.5 ಕೋಟಿ ರೂಪಾಯಿಗೆ ಸ್ಟರ್ಲೈಟ್ ಕಂಪೆನಿಗೆ ಮಾರಿತು. ಇದನ್ನು ವಿರೋಧಿಸಿ ಕಾರ್ಮಿಕರು 67 ದಿನ ಮುಷ್ಕರ ಹೂಡಿದರು. ಮಾರಾಟ ನಿಲ್ಲಲಿಲ್ಲ. ಷೇರು ಮಾರಾಟವು ಸರಕಾರದ ಆರ್ಥಿಕ ನೀತಿ, ಅದಕ್ಕೆ ಮೊದಲು ತಮ್ಮ ಅಹವಾಲು ಕೇಳಲೇಬೇಕೆಂಬ ಹಕ್ಕು ಕಾರ್ಮಿಕರಿಗಿಲ್ಲ ಎಂದು ಅದೇ ವರ್ಷ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಖಾಸಗೀಕರಣದಿಂದ ಸಂಘ ರದ್ದಾಗುವುದಿಲ್ಲ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಎಲ್ಲ ನಾಗರಿಕರಿಗೂ ಕೊಟ್ಟಿದೆ. ಆದರೆ ಸಂಘದ ಬಲ ಎರಡು ರೀತಿಯಲ್ಲಿ ಕುಗ್ಗುತ್ತದೆ. ಮೊದಲನೆಯದಾಗಿ, ಸರಕಾರಿ ಉದ್ದಿಮೆಯಲ್ಲಿ ತಾರತಮ್ಯವಾದರೆ ಸಂವಿಧಾನದ 14 ಮತ್ತು 16ನೇ ವಿಧಿಗಳ ಆಧಾರದಲ್ಲಿ ಹೈಕೋರ್ಟಿಗೆ ಹೋಗಬಹುದು. ಸಂಸತ್ತಿನಲ್ಲಿ ಮಂತ್ರಿಯನ್ನು ಪ್ರಶ್ನಿಸಬಹುದು. ಮಾಲೀಕ ಬದಲಾದ ಮೇಲೆ ಈ ದಾರಿಗಳು ಬಹುಮಟ್ಟಿಗೆ ಮುಚ್ಚುತ್ತವೆ. ಎರಡನೆಯದಾಗಿ, ಸ್ವಯಂ ನಿವೃತ್ತಿ ಯೋಜನೆಯಡಿ ಖಾಯಂ ಕಾರ್ಮಿಕರು ಹೊರಹೋದಾಗ ಅವರ ಕೆಲಸಕ್ಕೆ ಗುತ್ತಿಗೆಯವರು ಬರುತ್ತಾರೆ. ಗುತ್ತಿಗೆ ನವೀಕರಣವಾಗದೆಂಬ ಭಯದಿಂದ ಅವರು ಸಂಘ ಸೇರಲು ಹಿಂಜರಿಯುತ್ತಾರೆ. ಸದಸ್ಯರು ಕಡಿಮೆಯಾದಂತೆ ಸಂಬಳದ ಮಾತುಕತೆಯಲ್ಲಿ ಸಂಘದ ದನಿಯೂ ಕ್ಷೀಣಿಸುತ್ತದೆ.

ಆದರೆ ಗುತ್ತಿಗೆ ಪದ್ಧತಿ ಸರಕಾರಿ ಉದ್ದಿಮೆಗಳಲ್ಲೂ ಇದೆ. ಅಲ್ಲಿನ ಅನೇಕ ಸಂಘಗಳು ಖಾಯಂ ನೌಕರರ ಹಿತವನ್ನಷ್ಟೇ ನೋಡಿ, ಪಕ್ಕದಲ್ಲೇ ದುಡಿಯುವ ಗುತ್ತಿಗೆಯವರನ್ನು ಮರೆತದ್ದೂ ನಿಜ.

ಧರ್ಮಸಭೆಯ ನಿಲುವೇನು? ದುಡಿಯುವವರು ಸಂಘ ಕಟ್ಟುವುದು ಸಹಜ ಹಕ್ಕು ಎಂದು ಪೋಪ್ ಹದಿಮೂರನೇ ಲಿಯೋ 1891ರ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಬೋಧಿಸಿದರು. ಇಂದಿನ ಸಮಾಜಕ್ಕೆ ಕಾರ್ಮಿಕ ಸಂಘಗಳು ಬೇಕೇ ಬೇಕು ಎಂದು ಪೋಪ್ ಎರಡನೇ ಜಾನ್ ಪೌಲ್ 1981ರ 'ಲಾಬೋರೆಮ್ ಎಕ್ಸೆರ್ಚೆನ್ಸ್'ನಲ್ಲಿ ಹೇಳಿದರು. ನ್ಯಾಯವಾದ ಮಿತಿಯೊಳಗೆ ಮುಷ್ಕರವನ್ನೂ ಒಪ್ಪಿದರು. ಮಾಲೀಕ ಸರಕಾರವಿರಲಿ, ಖಾಸಗಿಯಿರಲಿ, ದುಡಿಯುವವನ ಘನತೆ ಉಳಿದಿದೆಯೇ ಎಂಬುದೇ ಧರ್ಮಸಭೆಗೆ ಮುಖ್ಯ.

ನಮ್ಮ ಕರಾವಳಿಗೂ ಇದು ದೂರದ ಮಾತಲ್ಲ. 2020ರ ಅಕ್ಟೋಬರ್ 31ರಂದು ಮಂಗಳೂರು ವಿಮಾನ ನಿಲ್ದಾಣದ ನಿರ್ವಹಣೆ 50 ವರ್ಷಗಳ ಅವಧಿಗೆ ಅದಾನಿ ಸಮೂಹಕ್ಕೆ ಹೋಯಿತು. ನಮ್ಮ ವಾಳೆಗಳಲ್ಲಿ ಗುತ್ತಿಗೆ ಮೇಲೆ ದುಡಿಯುವವರು ಯಾರಿದ್ದಾರೆ, ಅವರ ಭವಿಷ್ಯನಿಧಿ ಹಣ ಜಮಾ ಆಗುತ್ತಿದೆಯೇ, ತೊಂದರೆಯಾದರೆ ಅವರ ಪರವಾಗಿ ಮಾತಾಡುವ ಸಂಘವಿದೆಯೇ ಎಂದು ಗುರಿಕಾರರು ವಿಚಾರಿಸಬೇಕು. ಮೇ 1ರಂದು ಕಾರ್ಮಿಕ ಸಂತ ಜೋಸೆಫರ ಹಬ್ಬ ಆಚರಿಸುವ ನಮಗೆ ಇದು ಕರ್ತವ್ಯವೇ ಹೌದು.