ಮೊದಲು ಬಂದವನಿಗೆ ಸರಸ್ವತಿ, ತಡವಾದವನಿಗೆ ಏಟು

ಬೆಳಗಿನ ಆರು ಗಂಟೆ. ಬಳ್ಳಾರಿ ಸೀಮೆಯ ಒಂದು ಊರಿನ ಕೂಲಿಮಠದ ಬಾಗಿಲಲ್ಲಿ ಐಗಳು ಕುಳಿತಿದ್ದಾರೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಅವರು ಸರಸ್ವತಿಯ ಹೆಸರು ಬರೆಯುತ್ತಾರೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಅವನನ್ನು ಹೊಗಳುವಂತೆಯೂ ಇಲ್ಲ, ಬೈಯುವಂತೆಯೂ ಇಲ್ಲ ಎಂದು ಅದರ ಅರ್ಥ. ಮೂರನೆಯವನಿಗೆ ಮೆಲ್ಲಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು. ಹಾಗೆಯೇ ಹಿಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಇಪ್ಪತ್ತನೆಯವನ ಗತಿ ಏನೆಂದು ಓದುಗರೇ ಲೆಕ್ಕ ಹಾಕಬಹುದು.

ಇದು ಕಟ್ಟುಕಥೆಯಲ್ಲ. ಬಳ್ಳಾರಿಯ ಕಲೆಕ್ಟರಾಗಿದ್ದ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಮದರಾಸು ಸರ್ಕಾರಕ್ಕೆ ಕಳುಹಿಸಿದ ವರದಿಯಲ್ಲಿ ಈ ವಿವರಗಳಿವೆ. ದೇಶೀ ಶಾಲೆಗಳ ಸ್ಥಿತಿಗತಿಯನ್ನು ತಿಳಿಯಬೇಕೆಂದು ಗವರ್ನರ್ ಥಾಮಸ್ ಮನ್ರೋ ಕೇಳಿದ್ದಕ್ಕೆ ಬಂದ ಉತ್ತರ ಅದು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಕಲಿಯುತ್ತಿದ್ದವರು ಒಟ್ಟು 6,641 ಮಂದಿ. ಒಂಬತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಗೆ ಅದು ಬಹಳ ಕಡಿಮೆ ಎಂದು ಕ್ಯಾಂಬೆಲ್‌ಗೂ ಅನಿಸಿತ್ತು.

ಆ ಮಠಗಳಲ್ಲಿ ಹಾಜರಿ ಪುಸ್ತಕವಿರಲಿಲ್ಲ. ಹುಡುಗನ ಅಂಗೈಯೇ ಹಾಜರಿ ಪುಸ್ತಕ. ಆರಕ್ಕೆ ಬಂದವರು ಒಂಬತ್ತರ ಸುಮಾರಿಗೆ ಊಟಕ್ಕೆ ಮನೆಗೆ ಹೋಗಿ ಹನ್ನೊಂದಕ್ಕೆ ಮರಳಬೇಕು. ಮಧ್ಯಾಹ್ನ ಮತ್ತೊಮ್ಮೆ ಬಿಡುವು. ಸಂಜೆ ಏಳರವರೆಗೆ ಪಾಠ. ಸೋಮಾರಿಗೆ ಬೆತ್ತದ ಏಟು ಬೀಳುತ್ತಿತ್ತು, ಇಲ್ಲವೆ ಎರಡು ಕೈಗಳನ್ನೂ ಕಟ್ಟಿ ಸೂರಿಗೆ ಎತ್ತಿ ತೂಗುಹಾಕುತ್ತಿದ್ದರು. ಕೂಲಿಮಠದ ನೆನಪುಗಳಲ್ಲಿ ಮತ್ತೆ ಮತ್ತೆ ಬರುವ ‘ಕೋದಂಡ’ ಇಂಥದೇ ಶಿಕ್ಷೆ. ಬಿಡುವಿಲ್ಲದೆ ಕೂತು ಏಳಿಸುವ ಶಿಕ್ಷೆಯೂ ಇತ್ತು. ಅದು ನೋವಿನದಾದರೂ ಆರೋಗ್ಯಕ್ಕೆ ಒಳ್ಳೆಯದಿರಬಹುದು ಎಂಬ ಅಭಿಪ್ರಾಯವನ್ನು ಕಲೆಕ್ಟರು ಸೇರಿಸಿದ್ದಾರೆ. ಬಸ್ಕಿ ಹೊಡೆಸುವ ಮೇಷ್ಟರುಗಳು ಇಂದಿಗೂ ಇದೇ ಸಮಜಾಯಿಷಿ ಕೊಡುವುದುಂಟು.

ಕೂಲಿಮಠದಿಂದ ಹೈಸ್ಕೂಲಿನವರೆಗೆ ಸಾಗಿದ ಈ ಇನ್ನೂರು ವರ್ಷಗಳಲ್ಲಿ ಹಾಜರಿಯೂ ಶಿಕ್ಷೆಯೂ ಒಂದರಿಂದೊಂದು ಬೇರೆಯಾದವು. ಬೇರೆಯಾದ ಬಗೆ ತಂದೆತಾಯಿಗಳಿಗೆ ತಿಳಿದಿದ್ದರೆ, ಶಾಲೆಯಿಂದ ಚೀಟಿ ಬಂದಾಗ ಗಾಬರಿಪಡುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಮೊದಲು ಮಾತುಗಳನ್ನೇ ನೋಡಬಹುದು. ಹಾಜರಿ, ಗೈರುಹಾಜರಿ, ರಜಾ, ದಾಖಲೆ ಇವೆಲ್ಲ ಪಾರಸಿ ದಫ್ತರುಗಳ ಮೂಲಕ ಕನ್ನಡಕ್ಕೆ ಬಂದವು. ಕಚೇರಿಯಲ್ಲಿ ಹುಟ್ಟಿದ ಮಾತುಗಳು ಶಾಲೆಯ ಮಾತುಗಳಾದವು. ‘ಶಿಸ್ತು’ ಎಂಬುದರ ಕಥೆ ಇನ್ನೂ ಸ್ವಾರಸ್ಯದ್ದು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಮಾಡಿದ ಭೂಕಂದಾಯದ ನಿಗದಿಗೆ ‘ಶಿವಪ್ಪನಾಯಕನ ಶಿಸ್ತು’ ಎಂದೇ ಹೆಸರು. ಅಲ್ಲಿ ಶಿಸ್ತು ಎಂದರೆ ಯಾರು ಎಷ್ಟು ಕೊಡಬೇಕು ಎಂಬ ಖಚಿತವಾದ ಲೆಕ್ಕ. ಮೊದಲೇ ಗೊತ್ತುಮಾಡಿದ ಆ ಲೆಕ್ಕ ಎರಡು ಕಡೆಯವರನ್ನೂ ಕಟ್ಟಿಹಾಕುತ್ತಿತ್ತು. ಈ ಅರ್ಥವನ್ನು ಶಾಲೆಗಳು ಮರೆತದ್ದು ನಷ್ಟವೇ ಸರಿ.

ಹಾಜರಿ ಪುಸ್ತಕ ಶಾಲೆಗೆ ಬಂದದ್ದು ಹಣದ ಲೆಕ್ಕಕ್ಕಾಗಿ ಎಂದರೂ ತಪ್ಪಾಗಲಾರದು. 1854ರ ವುಡ್ ನಿರೂಪದ ನಂತರ ಖಾಸಗಿ ಶಾಲೆಗಳಿಗೆ ಸರ್ಕಾರ ಅನುದಾನ ಕೊಡತೊಡಗಿತು. ಇಂಗ್ಲೆಂಡಿನಲ್ಲಂತೂ 1862ರ ನಿಯಮಾವಳಿ ಅನುದಾನವನ್ನು ಮಕ್ಕಳ ಹಾಜರಿಗೂ ಪರೀಕ್ಷೆಯ ಫಲಿತಾಂಶಕ್ಕೂ ಗಂಟು ಹಾಕಿತ್ತು. ಯಾವ ಶಾಲೆಗೆ ಎಷ್ಟು ಕೊಡಬೇಕೆಂದು ತೀರ್ಮಾನಿಸಲು ತಲೆ ಎಣಿಸಬೇಕು, ಎಣಿಸಿದ್ದನ್ನು ಬರೆದಿಡಬೇಕು, ಬರೆದದ್ದನ್ನು ಇನ್‌ಸ್ಪೆಕ್ಟರು ಬಂದು ತಾಳೆ ನೋಡಬೇಕು. ಇನ್‌ಸ್ಪೆಕ್ಟರು ಬರುವ ದಿನ ಊರ ಮಕ್ಕಳನ್ನೆಲ್ಲ ಕಲೆಹಾಕಿ ಕೂರಿಸಿದ ಕಥೆಗಳು ಅಂದಿನಿಂದಲೇ ಹುಟ್ಟಿಕೊಂಡವು.

ಮಗುವನ್ನು ಶಾಲೆಗೆ ಕಳುಹಿಸುವುದು ತಂದೆತಾಯಿಗಳ ಕರ್ತವ್ಯ ಎಂಬ ವಿಚಾರ ಆಮೇಲೆ ಬಂತು. ಬರೋಡದ ಸಯಾಜಿರಾವ್ ಗಾಯಕವಾಡ್ 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಕಡ್ಡಾಯ ಶಿಕ್ಷಣವನ್ನು ಪ್ರಯೋಗ ಮಾಡಿ 1906ರಲ್ಲಿ ಇಡೀ ಸಂಸ್ಥಾನಕ್ಕೆ ವಿಸ್ತರಿಸಿದರು. ಕಳುಹಿಸದ ತಂದೆತಾಯಿಗಳಿಗೆ ಅಲ್ಲಿ ದಂಡ ಬೀಳುತ್ತಿತ್ತು. ಬ್ರಿಟಿಷ್ ಭಾರತಕ್ಕಾಗಿ ಗೋಖಲೆಯವರು 1911ರಲ್ಲಿ ಮಂಡಿಸಿದ ಮಸೂದೆ ಬಿದ್ದುಹೋಯಿತು. ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ಬಂತು. ಆಯ್ದ ಕೆಲವು ಸ್ಥಳಗಳಲ್ಲಿ ಶಾಲೆಗೆ ಹೋಗುವುದು ಕಡ್ಡಾಯವಾಯಿತು. ಸ್ವತಂತ್ರ ಭಾರತದಲ್ಲಿ ಇಡೀ ದೇಶಕ್ಕೆ ಅಂಥ ಕಾನೂನು ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆ ಅಂಗೀಕಾರವಾದದ್ದು 2009ರಲ್ಲಿ, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರಲ್ಲಿ ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯ ಎಂದಿದೆ. ಆದರೆ ತಪ್ಪಿದವರಿಗೆ ದಂಡದ ಮಾತಿಲ್ಲ. ‘ಕಡ್ಡಾಯ’ ಎಂಬ ಪದದ ಭಾರವನ್ನು ಕಾಯಿದೆ ಸರ್ಕಾರದ ಹೆಗಲಿಗೆ ಹೊರಿಸಿತು.

ಹೈಸ್ಕೂಲಿಗೆ ಬಂದಾಗ ಒಂದು ತೊಡಕಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಈ ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ, ಅಂದರೆ ಎಂಟನೆಯ ತರಗತಿಯವರೆಗೆ ಮಾತ್ರ. ಕರ್ನಾಟಕದ ಹೈಸ್ಕೂಲು ಎಂಟರಿಂದ ಹತ್ತರವರೆಗೆ. ಹೀಗಾಗಿ ಒಂದೇ ಸೂರಿನಡಿ, ಒಂದೇ ಗಂಟೆಗೆ ಪ್ರಾರ್ಥನೆಗೆ ನಿಲ್ಲುವ ಮಕ್ಕಳಲ್ಲಿ ಎಂಟನೆಯವರಿಗೆ ಒಂದು ಕಾನೂನು, ಒಂಬತ್ತು ಹತ್ತರವರಿಗೆ ಇನ್ನೊಂದು. ಎಂಟನೆಯ ತರಗತಿ ಮುಗಿಸುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ‘ನಾಳೆ ಬಂದು ಟಿ.ಸಿ. ತಗೊಂಡು ಹೋಗಿ’ ಎಂಬ ಬೆದರಿಕೆಗೆ ಎಂಟನೆಯ ತರಗತಿಯಲ್ಲಿ ಕಾನೂನಿನ ಬಲವಿಲ್ಲ. ಒಂಬತ್ತರಲ್ಲಿ ಆ ರಕ್ಷಣೆ ಅಷ್ಟು ನೇರವಾಗಿ ಸಿಗುವುದಿಲ್ಲ. ಹುಡುಗರು ಕೈಮೀರುವ ವಯಸ್ಸೂ ಅದೇ ಎಂಬುದು ಬೇರೆ ಮಾತು.

ಹತ್ತನೆಯ ತರಗತಿಯಲ್ಲಿ ಹಾಜರಿಗೆ ಬೇರೆಯೇ ತೂಕ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶಾಲೆಯ ಮೂಲಕ ಕೂರುವ ವಿದ್ಯಾರ್ಥಿಗೆ ಶೇಕಡಾ 75ರಷ್ಟು ಹಾಜರಾತಿ ಇರಬೇಕೆಂಬುದು ಪರೀಕ್ಷಾ ಮಂಡಳಿಯ ನಿಯಮ. ಇದನ್ನು ದಿನಗಳಿಗೆ ಇಳಿಸಿ ನೋಡಬೇಕು. ವರ್ಷಕ್ಕೆ 220 ದಿನ ಶಾಲೆ ನಡೆಯುತ್ತದೆ ಎಂದಿಟ್ಟುಕೊಂಡರೆ 165 ದಿನ ಬಂದಿರಬೇಕು, ತಪ್ಪಬಹುದಾದದ್ದು 55. ಐವತ್ತೈದು ದಿನ ಕೇಳುವುದಕ್ಕೆ ದೊಡ್ಡ ಸಂಖ್ಯೆ. ಜೂನ್‌ನಲ್ಲಿ ಮದುವೆ ಮುಂಜಿ, ಶ್ರಾವಣದಲ್ಲಿ ನೆಂಟರ ಮನೆ, ದಸರೆ ರಜೆಯ ಹಿಂದೆ ಮುಂದೆ ಎರಡೆರಡು ದಿನ, ಊರ ಜಾತ್ರೆಗೆ ಒಂದು ವಾರ, ನಡುವೆ ಒಂದು ಜ್ವರ ಎಂದು ಹೋಗುತ್ತಿದ್ದರೆ ತಿಂಗಳಿಗೆ ಐದಾರು ದಿನ ಕರಗುವುದು ತಿಳಿಯುವುದೇ ಇಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹೆಸರು ಕೂಗುವ ಶಾಲೆಗಳಲ್ಲಿ ಊಟಕ್ಕೆಂದು ಹೋಗಿ ಬಾರದವನಿಗೆ ಅರ್ಧ ದಿನ ನಷ್ಟ. ಹಳ್ಳಿಗೆ ಹೋಗುವ ಮೂರು ಗಂಟೆಯ ಬಸ್ಸು ತಪ್ಪಿದರೆ ಮತ್ತೊಂದಿಲ್ಲ ಎಂದು ಬೇಗ ಎದ್ದು ಹೋಗುವ ಹುಡುಗಿಯ ಲೆಕ್ಕ ಹೀಗೆ ಅರ್ಧರ್ಧವಾಗಿಯೇ ಸವೆಯುತ್ತದೆ. ಆಕೆಯ ತಂದೆತಾಯಿಗಳ ದೃಷ್ಟಿಯಲ್ಲಿ ಅವಳು ಒಂದು ದಿನವೂ ಶಾಲೆ ತಪ್ಪಿಸಿದವಳಲ್ಲ.

ಪ್ರಗತಿ ಪತ್ರ ಮನೆಗೆ ಬಂದಾಗ ಎಲ್ಲರ ಕಣ್ಣೂ ಗಣಿತದ ಅಂಕದ ಮೇಲೆ ಬೀಳುತ್ತದೆ. ಅದೇ ಹಾಳೆಯ ಮೂಲೆಯಲ್ಲಿ ‘ಶಾಲೆ ನಡೆದ ದಿನಗಳು, ಹಾಜರಾದ ದಿನಗಳು’ ಎಂದು ಎರಡು ಪುಟ್ಟ ಅಂಕಣಗಳಿರುತ್ತವೆ. ಸಹಿ ಹಾಕುವ ಮುನ್ನ ಅವನ್ನು ನೋಡುವವರು ವಿರಳ. ಹುಡುಗ ಚಕ್ಕರ್ ಹೊಡೆಯುತ್ತಿದ್ದರೆ ಮನೆಯವರಿಗೆ ಮೊದಲು ಸುಳಿವು ಸಿಗುವುದು ಅಲ್ಲಿ. ಅಷ್ಟೇ ಅಲ್ಲ, ಮಗುವಿನ ಹಾಜರಿ ಹೇಗಿದೆ ಎಂದು ಪೋಷಕರ ಸಭೆ ಕರೆದು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು 2009ರ ಕಾಯಿದೆಯ 24ನೆಯ ಸೆಕ್ಷನ್ ಹೇಳುತ್ತದೆ. ಕೇಳಿ ತಿಳಿಯುವುದಕ್ಕೆ ಸಂಕೋಚಪಡಬೇಕಾದ್ದಿಲ್ಲ.

ಕಾಯಿಲೆ ಬಿದ್ದಾಗ ರಜಾ ಅರ್ಜಿಯನ್ನು ಹುಡುಗನ ಕೈಯಲ್ಲೇ ಬರೆಸಿ ಅಪ್ಪ ಸಹಿ ಹಾಕುವುದು ವಾಡಿಕೆ. ಎರಡು ದಿನದ ಜ್ವರಕ್ಕೆ ಅದು ಸಾಕು. ವಾರಗಟ್ಟಲೆ ಮಲಗಿದ್ದರೆ ವೈದ್ಯರ ಪ್ರಮಾಣಪತ್ರವನ್ನು ಆಗಲೇ ಕೊಟ್ಟು, ಅದರ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಫೆಬ್ರವರಿಯಲ್ಲಿ ಹಾಜರಾತಿ ಕೊರತೆಯ ಪಟ್ಟಿ ಹಾಕಿದ ಮೇಲೆ ಜುಲೈ ತಿಂಗಳ ಟೈಫಾಯಿಡ್‌ಗೆ ಕಾಗದ ಹುಡುಕುವವರ ಪಾಡು ಮುಖ್ಯೋಪಾಧ್ಯಾಯರುಗಳಿಗೆಲ್ಲ ಗೊತ್ತು.

ಇನ್ನು ಬೆತ್ತದ ವಿಚಾರ. ‘ದಂಡಂ ದಶಗುಣಂ’ ಎಂದು ನಂಬಿದ ಸಮಾಜ ನಮ್ಮದು. ‘ಕಣ್ಣೆರಡು ಬಿಟ್ಟು ಉಳಿದದ್ದೆಲ್ಲ ನಿಮಗೇ ಸೇರಿದ್ದು ಮೇಷ್ಟ್ರೇ’ ಎಂದು ಹೇಳಿ ಮಗನನ್ನು ಶಾಲೆಗೆ ಬಿಟ್ಟು ಹೋಗುತ್ತಿದ್ದ ತಂದೆಯರಿದ್ದರು. ಸರಿಯುತ್ತರ ಹೇಳಿದ ಹುಡುಗ ಹೇಳದವನ ಮೂಗು ಹಿಡಿದು ಕೆನ್ನೆಗೆ ಬಾರಿಸುವ ಪದ್ಧತಿಯನ್ನು ಅನುಭವಿಸಿದವರು ಈಗಲೂ ಇದ್ದಾರೆ. ಅವರಲ್ಲಿ ಹಲವರು ಅದನ್ನು ನಗುನಗುತ್ತಲೇ ಹೇಳುತ್ತಾರೆ. ಹೊಡೆತ ತಿಂದು ಶಾಲೆ ಬಿಟ್ಟವರು ಆ ಕಥೆಗಳನ್ನು ಹೇಳಲು ಸಭೆಗಳಿಗೆ ಬರುವುದಿಲ್ಲವಾದ್ದರಿಂದ ನಗುವವರ ಮಾತೇ ಉಳಿದುಕೊಂಡಿದೆ.

ಕಾನೂನಿನ ನಿಲುವು ಬದಲಾದದ್ದು ನಿಧಾನವಾಗಿ. ದೇಹದಂಡನೆಯನ್ನು ಶಿಕ್ಷಣ ವ್ಯವಸ್ಥೆಯಿಂದ ಹೊರಗಿಡಬೇಕೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ನೀತಿ ಕಾಗದದಲ್ಲಿತ್ತು, ಬೆತ್ತ ಮೇಜಿನ ಮೇಲಿತ್ತು. ದೆಹಲಿಯ ಶಾಲಾ ನಿಯಮಗಳಲ್ಲಿ ಬೆತ್ತದೇಟಿಗೆ ಇದ್ದ ಅವಕಾಶವನ್ನು ಅಲ್ಲಿನ ಹೈಕೋರ್ಟು 2000ದ ಡಿಸೆಂಬರ್‌ನಲ್ಲಿ ರದ್ದುಗೊಳಿಸಿತು. 2009ರ ಕಾಯಿದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಮೀರಿದ ಶಿಕ್ಷಕರ ಮೇಲೆ ಸೇವಾ ನಿಯಮಗಳಂತೆ ಕ್ರಮ ಕೈಗೊಳ್ಳಬೇಕು ಎಂದಿತು. ಬೆಂಚಿನ ಮೇಲೆ ನಿಲ್ಲಿಸಿ ಹಂಗಿಸುವುದು, ಜಾತಿ ಎತ್ತಿ ಆಡುವುದು, ಅಪ್ಪನ ಕಸುಬು ಹಿಡಿದು ಮೂದಲಿಸುವುದು ಬೆತ್ತಕ್ಕಿಂತ ಕಡಿಮೆಯೇನಲ್ಲ ಎಂಬುದು ಇದರ ಹಿಂದಿನ ತಿಳಿವಳಿಕೆ. ಒಂಬತ್ತು ಹತ್ತನೆಯ ತರಗತಿಯವರಿಗೆ ಈ ಸೆಕ್ಷನ್ ನೇರವಾಗಿ ತಗಲದಿದ್ದರೂ, ಮೇಷ್ಟರಿಗೆ ಬೆತ್ತ ಮರಳಿ ಸಿಕ್ಕಂತೆ ಆಗುವುದಿಲ್ಲ. ಹದಿನೆಂಟರೊಳಗಿನವರ ಮೇಲಿನ ಕ್ರೌರ್ಯವನ್ನು 2015ರ ಬಾಲನ್ಯಾಯ ಕಾಯಿದೆ ಅಪರಾಧವೆನ್ನುತ್ತದೆ; ಗಾಯವಾದರೆ ಸಾಮಾನ್ಯ ದಂಡ ಸಂಹಿತೆಯೂ ಇದೆ.

ಹಾಗಾದರೆ ತಂಟೆ ಮಾಡುವ ಹುಡುಗನನ್ನು ಏನು ಮಾಡಬೇಕು ಎಂದು ಶಿಕ್ಷಕರು ಕೇಳುವುದರಲ್ಲಿ ನ್ಯಾಯವಿದೆ. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬನ ಗದ್ದಲದಿಂದ ಉಳಿದವರ ಪಾಠ ಕೆಡುತ್ತದೆ. ಬೆತ್ತವನ್ನು ಕಿತ್ತುಕೊಂಡ ವ್ಯವಸ್ಥೆ ಅದರ ಬದಲಿಗೆ ಕೊಡಬೇಕಾದದ್ದನ್ನು, ಅಂದರೆ ಸಣ್ಣ ತರಗತಿಗಳನ್ನೂ ಆಪ್ತಸಲಹೆಗಾರರನ್ನೂ, ಬಹಳಷ್ಟು ಶಾಲೆಗಳಿಗೆ ಕೊಟ್ಟಿಲ್ಲ. ತಿಳಿಹೇಳುವುದು, ಪೋಷಕರನ್ನು ಕರೆಸುವುದು, ಲಿಖಿತ ಎಚ್ಚರಿಕೆ ಕೊಡುವುದು ಶಾಲೆಯ ಕೈಯಲ್ಲಿರುವ ದಾರಿಗಳು. ಕರೆ ಬಂದಾಗ ತಂದೆತಾಯಿಗಳು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ. ಕೆಲವರು ಮುಖ್ಯೋಪಾಧ್ಯಾಯರ ಕೊಠಡಿಯಲ್ಲೇ ಮಗನ ಕೆನ್ನೆಗೆ ಬಾರಿಸಿ ತಮ್ಮ ನಿಷ್ಠೆ ತೋರಿಸುತ್ತಾರೆ. ಇನ್ನು ಕೆಲವರು ‘ನಮ್ಮ ಹುಡುಗ ಅಂಥವನಲ್ಲ’ ಎಂದು ಜಗಳಕ್ಕೆ ನಿಲ್ಲುತ್ತಾರೆ. ಏನು ನಡೆಯಿತು, ಯಾವ ದಿನ, ಹುಡುಗ ಏನು ಹೇಳಿದ, ಅವನ ಮಾತನ್ನು ಯಾರಾದರೂ ಕೇಳಿ ಬರೆದುಕೊಂಡರೇ ಎಂದು ವಿಚಾರಿಸುವವರು ಕಡಿಮೆ. ವರ್ಗಾವಣೆ ಪತ್ರದಲ್ಲಿ ನಡತೆಯ ಬಗೆಗೆ ಬರೆಯುವ ಒಂದು ಪದ ಕಾಲೇಜಿನವರೆಗೂ ಹಿಂಬಾಲಿಸುವುದರಿಂದ ಈ ವಿಚಾರಣೆ ಮುಖ್ಯವಾದದ್ದು.

ಹೊಡೆತದ ಅಥವಾ ಅವಮಾನದ ದೂರಿದ್ದರೆ ಮೊದಲು ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಪೋಷಕರೇ ಅದರ ಸದಸ್ಯರು. ಅಲ್ಲಿಗೂ ಬಗೆಹರಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಆಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ತುರ್ತಿದ್ದರೆ 1098ಕ್ಕೆ ಮಗುವೇ ಫೋನು ಮಾಡಬಹುದು.

ಗೈರುಹಾಜರಿಗೆ ಶಿಕ್ಷೆಯೇ ಮದ್ದು ಎಂಬ ಎಣಿಕೆಯನ್ನು ಕರ್ನಾಟಕದ ಅನುಭವ ಸುಳ್ಳು ಮಾಡಿದೆ. ಏಳು ಜಿಲ್ಲೆಗಳಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, 2006-07ರಲ್ಲಿ ಎಂಟನೆಯ ತರಗತಿಗೆ ಬಂದ ಹೆಣ್ಣುಮಕ್ಕಳಿಗೆ ಕೊಡತೊಡಗಿದ ಸೈಕಲ್ಲು, ಇವು ಶಾಲೆಗೆ ಬರುವ ದಾರಿಯನ್ನೇ ಹಗುರ ಮಾಡಲು ಹೊರಟ ಯೋಜನೆಗಳು. ನಾಲ್ಕು ಮೈಲಿ ನಡೆಯಬೇಕಾದ ಹುಡುಗಿಯನ್ನು ಬೆತ್ತ ತೋರಿಸಿ ಶಾಲೆಗೆ ಕರೆತರಲಾಗದು. ಶೌಚಾಲಯಕ್ಕೆ ನೀರಿಲ್ಲದ ಹೈಸ್ಕೂಲಿನಲ್ಲಿ ತಿಂಗಳಿಗೆ ಮೂರು ನಾಲ್ಕು ದಿನ ಹೆಣ್ಣುಮಕ್ಕಳ ಬೆಂಚುಗಳು ಖಾಲಿಯಾಗುವುದಕ್ಕೆ ಕಾರಣ ಕೇಳಬೇಕಾದ್ದು ಆ ಮಕ್ಕಳನ್ನಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಗುಳೆಯ ಪ್ರಶ್ನೆ. ಬಡವರ ಮಕ್ಕಳ ಕೈ ಕೆಲಸಕ್ಕೆ ಬಂತೆಂದರೆ ಅವರನ್ನು ಮಠದಿಂದ ಬಿಡಿಸುತ್ತಾರೆ ಎಂದು 1823ರಲ್ಲೇ ಕ್ಯಾಂಬೆಲ್ ಬರೆದಿದ್ದರು. ಇಂದಿಗೂ ಉತ್ತರ ಕರ್ನಾಟಕದ ಒಣಭೂಮಿಯ ಊರುಗಳಿಂದ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆಂದು ಸಂಸಾರಗಳು ತಿಂಗಳುಗಟ್ಟಲೆ ಹೊರಡುತ್ತವೆ. 2013ರಲ್ಲಿ ರಾಜ್ಯದ ಹೈಕೋರ್ಟು ಶಾಲೆಯಿಂದ ಹೊರಗುಳಿದ ಮಕ್ಕಳ ವಿಚಾರವನ್ನು ತಾನಾಗಿ ಕೈಗೆತ್ತಿಕೊಂಡಿತು. ಮೊದಲು ಅರವತ್ತು ದಿನ ಬಾರದ ಮಗುವನ್ನಷ್ಟೇ ಹೊರಗುಳಿದವರೆಂದು ಎಣಿಸುತ್ತಿದ್ದರು. ಆ ಮೊಕದ್ದಮೆಯ ತರುವಾಯ ಅದು ಏಳು ದಿನಕ್ಕೆ ಇಳಿಯಿತು. ಒಂದು ವಾರ ಹೇಳದೆ ಕೇಳದೆ ಮಗು ಬಾರದಿದ್ದರೆ ಶಾಲೆ ಹುಡುಕಿಕೊಂಡು ಹೋಗಬೇಕು.

ಹತ್ತನೆಯ ತರಗತಿಯಲ್ಲಿರುವಾಗ ಕಬ್ಬಿನ ಗದ್ದೆಗೆ ಹೋದ ಹುಡುಗನಿಗೆ 55 ದಿನಗಳ ರಿಯಾಯಿತಿ ಎರಡೂವರೆ ತಿಂಗಳಿಗೆ ಮುಗಿದುಹೋಗುತ್ತದೆ. ಕಟಾವು ಅದಕ್ಕಿಂತ ಉದ್ದ. ಇದು ತಿಳಿದ ಎಷ್ಟೋ ತಾಯಂದಿರು ಮಗಳನ್ನೋ ಮಗನನ್ನೋ ಅಜ್ಜಿಯ ಬಳಿ ಬಿಟ್ಟು ಲಾರಿ ಹತ್ತುತ್ತಾರೆ. ಬೆಳಿಗ್ಗೆ ನೀರು ಹೊತ್ತು, ರೊಟ್ಟಿ ಬಡಿದು, ಅಜ್ಜಿಗೆ ಉಣ್ಣಲಿಕ್ಕಿಟ್ಟು ಆ ಹುಡುಗಿ ಶಾಲೆ ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದಿರುತ್ತದೆ. ಅವಳ ಹೆಸರಿನ ಮುಂದೆ ಏನು ಬರೆಯಬೇಕೆಂದು ತೀರ್ಮಾನಿಸುವವರು ತರಗತಿಯ ಮೇಷ್ಟರು.